ಎರಡನೆಯ ಡಿಕ್ಕಿ

ಅಪಘಾತ ಕಂಡೂ ಗಾಡಿ ನಿಲ್ಲಿಸದೆ ಹೋದವರನ್ನು ಯಾಕೆಂದು ಕೇಳಿ ನೋಡಿ. ಪೊಲೀಸ್ ಸ್ಟೇಷನ್ನು, ಕೋರ್ಟಿನ ಅಲೆದಾಟ, ಆಸ್ಪತ್ರೆಯ ಬಿಲ್ಲು, 'ಗುದ್ದಿದವನು ನೀನೇ' ಎಂದು ಮೈಮೇಲೆ ಬೀಳುವ ಜನ ಎಂಬ ಉತ್ತರ ಬರುತ್ತದೆ. ನಿಲ್ಲಿಸಿ ಇಳಿದವರು ಹಿಂಜರಿಯುವುದು ರಕ್ತ ಕಂಡಾಗ. ಈ ಭಯಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಒಂದು ಭಯ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ: ಅದೇ ರಸ್ತೆಯಲ್ಲಿ, ಮುಂದೆ ಏನಾಗಿದೆಯೆಂದು ಗೊತ್ತಿಲ್ಲದೆ, ಅದೇ ವೇಗದಲ್ಲಿ ಬರುತ್ತಿರುವ ಮುಂದಿನ ವಾಹನ. ನೆರವಿಗೆ ಇಳಿದವರ ಪ್ರಾಣಕ್ಕೆ ಕುತ್ತು ತರುವ ಸಂಗತಿಗಳಲ್ಲಿ ಅದನ್ನೇ ಮೊದಲು ಎಣಿಸಬೇಕು. ಸೋಂಕಿಗೆ ಮದ್ದುಂಟು, ಕೇಸಿಗೆ ವಕೀಲರುಂಟು. ಬ್ರೇಕ್ ಹಿಡಿಯದ ಲಾರಿಗೆ ಎರಡೂ ಇಲ್ಲ.

ಲೆಕ್ಕ ಹಾಕಿದರೆ ಇದು ಬೇಗ ಅರ್ಥವಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಚಾಲಕನ ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ, ಕಾಲು ಬ್ರೇಕಿನ ಮೇಲೆ ಬರಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 42 ಮೀಟರ್ ಹೋಯಿತು. ಆಮೇಲೆ ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೂ ನಿಲ್ಲಲು ಇನ್ನೊಂದು 55 ಮೀಟರ್ ಬೇಕು. ಮಳೆಯಾಗಿದ್ದರೆ ಒಟ್ಟು 140 ಮೀಟರಿನ ಆಸುಪಾಸು. ತುಂಬಿದ ಲಾರಿಗೆ ಅದಕ್ಕೂ ಹೆಚ್ಚು. ಇದೆಲ್ಲ ಚಾಲಕ ರಸ್ತೆ ನೋಡುತ್ತಿದ್ದರೆ. ಅಪಘಾತದ ಜಾಗ ಬಂದಾಗ ಕಣ್ಣು ಹೋಗುವುದು ನಜ್ಜುಗುಜ್ಜಾದ ಗಾಡಿಯ ಕಡೆಗೆ. ಎರಡು ಸೆಕೆಂಡು ಕತ್ತು ತಿರುಗಿಸಿದರೆ ಇನ್ನೊಂದು 56 ಮೀಟರ್ ಸೇರಿಸಿಕೊಳ್ಳಿ. ಹತ್ತು ಹೆಜ್ಜೆ ಹಿಂದೆ ಇಟ್ಟ ಎಚ್ಚರಿಕೆಯ ತ್ರಿಕೋನವೋ, ಕಲ್ಲೋ, ಮುರಿದ ಕೊಂಬೆಯೋ ಈ ಲೆಕ್ಕದ ಮುಂದೆ ಅಲಂಕಾರವಷ್ಟೇ.

ಹಾಗಾಗಿ ಕೆಲಸ ಶುರುವಾಗುವುದು ಗಾಯಾಳುವಿನ ಬಳಿ ಅಲ್ಲ, ನಿಮ್ಮ ಸೀಟಿನಲ್ಲಿ. ಗಕ್ಕನೆ ಬ್ರೇಕ್ ಹಾಕಬೇಡಿ, ಹಿಂದಿನವರು ನಿಮಗೇ ಗುದ್ದುತ್ತಾರೆ. ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಅಪಘಾತದ ಜಾಗ ದಾಟಿಕೊಂಡು ಹೋಗಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಸ್ಟೇರಿಂಗನ್ನು ರಸ್ತೆಯಂಚಿನ ಕಡೆಗೆ ತಿರುಗಿಸಿಡಿ. ಯಾರಾದರೂ ಹಿಂದಿನಿಂದ ಗುದ್ದಿದರೆ ನಿಮ್ಮ ಕಾರು ನಡುರಸ್ತೆಗೆ ನುಗ್ಗದೆ ಹೊರಕ್ಕೆ ಸರಿಯುತ್ತದೆ. ಪಕ್ಕಕ್ಕೆ ಇಳಿಸಲು ಜಾಗವೇ ಇಲ್ಲದಿದ್ದರೆ ಜಾಗ ಸಿಗುವವರೆಗೆ ಮುಂದೆ ಹೋಗಿ ನಡೆದು ಬನ್ನಿ. ನಿಮ್ಮ ಕಾರನ್ನೇ ಅಡ್ಡ ನಿಲ್ಲಿಸಿ ಗೋಡೆ ಮಾಡುವ ಆಲೋಚನೆ ಬೇಡ. ಅದು ಹತ್ತು ಟನ್ನಿನ ಅಗ್ನಿಶಾಮಕ ವಾಹನ, ಅದರ ದೀಪಗಳು ಮತ್ತು ತರಬೇತಿ ಇದ್ದವರ ಕೆಲಸ. ಒಂದೂವರೆ ಟನ್ನಿನ ಕಾರನ್ನು ಲಾರಿ ತಳ್ಳಿಕೊಂಡೇ ಗಾಯಾಳುವಿನವರೆಗೆ ಬರುತ್ತದೆ. ಜೊತೆಯಲ್ಲಿ ಬಂದವರನ್ನು ಕಾರಿನಲ್ಲಿ ಕೂರಿಸಿ ಹೋಗುವುದೂ ತಪ್ಪೇ. ವಾಹನ ಓಡಾಡದ ಕಡೆಯ ಬಾಗಿಲಿನಿಂದ ಇಳಿಸಿ, ಅಂಚಿನ ಕಬ್ಬಿಣದ ತಡೆಬೇಲಿಯ ಆಚೆಗೆ ಕಳಿಸಿ. ಮಕ್ಕಳಿದ್ದರೆ ಅವರನ್ನು ಹಿಡಿದುಕೊಳ್ಳುವುದೇ ಒಬ್ಬರ ಪೂರ್ತಿ ಕೆಲಸ.

ರಿಫ್ಲೆಕ್ಟರ್ ಜಾಕೆಟ್ ಬಹಳ ಜನರ ಬಳಿ ಇರುತ್ತದೆ, ಇರುವುದು ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ. ಅದನ್ನು ತೆಗೆಯಲು ಕತ್ತಲಲ್ಲಿ ಕಾರಿನ ಹಿಂದೆ ಬಗ್ಗಿ ನಿಲ್ಲಬೇಕು, ಅಂದರೆ ಬರುವ ವಾಹನಗಳಿಗೆ ಬೆನ್ನು ಕೊಟ್ಟು ಎರಡು ನಿಮಿಷ. ಕಾರಿನ ಡಿಕ್ಕಿ, ಗುದ್ದುವ ಡಿಕ್ಕಿ, ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದು ಕಾಕತಾಳೀಯವಿರಬಹುದು, ಆದರೆ ಜಾಕೆಟ್ ಡಿಕ್ಕಿಯಲ್ಲಿದ್ದರೆ ಡಿಕ್ಕಿಗೆ ಹತ್ತಿರ ಇದ್ದಂತೆಯೇ. ಸೀಟಿನ ಕೆಳಗೋ ಬಾಗಿಲಿನ ಜೇಬಿನಲ್ಲೋ ಇಟ್ಟು, ಇಳಿಯುವ ಮೊದಲೇ ತೊಟ್ಟುಕೊಳ್ಳಬೇಕು. ಡಿಮ್ ಲೈಟಿನಲ್ಲಿ ಬರುವ ಚಾಲಕನಿಗೆ ಗಾಢ ಬಣ್ಣದ ಬಟ್ಟೆಯವರು ಕಾಣುವುದು ಇಪ್ಪತ್ತು ಮೂವತ್ತು ಮೀಟರ್ ದೂರದಿಂದಷ್ಟೇ. ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಪಟ್ಟಿ ಇದ್ದರೆ ನೂರು ಮೀಟರಿಗೂ ಆಚೆಯಿಂದ ಕಾಣುತ್ತಾರೆ. ಇನ್ನೊಂದು ಮೋಸ ನಿಮ್ಮದೇ ಇಂಡಿಕೇಟರಿನದು. ಮಿಣುಕುವ ದೀಪದ ಪಕ್ಕ ನಿಂತವರನ್ನು ಕಣ್ಣು ಹಿಡಿಯುವುದಿಲ್ಲ, ದೀಪವನ್ನಷ್ಟೇ ಹಿಡಿಯುತ್ತದೆ. ಎದುರಿನಿಂದ ಬರುವವರ ಕಡೆಗೆ ನಿಮ್ಮ ಹೆಡ್‌ಲೈಟ್ ಉರಿಯುತ್ತಿದ್ದರೂ ಇದೇ ಕಥೆ: ಅದರ ಹಿಂದೆ ನಡೆಯುತ್ತಿರುವುದೇನೂ ಅವರಿಗೆ ಕಾಣದು.

ತ್ರಿಕೋನ ಇಡುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ಅದನ್ನು ಕಾರಿನ ಬಳಿಯೇ ಬಿಡಿಸಿ ಜೋಡಿಸಿಕೊಂಡು, ಹೊಳೆಯುವ ಮುಖ ಬರುವ ವಾಹನಗಳಿಗೆ ಕಾಣುವಂತೆ ಎದೆಯ ಮುಂದೆ ಹಿಡಿದು, ರಸ್ತೆಯ ಅಂಚಿನಲ್ಲಿ, ತಡೆಬೇಲಿ ಇದ್ದರೆ ಅದರ ಹೊರಗಡೆಯಿಂದ, ವಾಹನಗಳಿಗೆ ಎದುರಾಗಿ ನಡೆಯಬೇಕು. ಊರೊಳಗೆ 50 ಮೀಟರ್, ಹೊರರಸ್ತೆಯಲ್ಲಿ 100, ಹೆದ್ದಾರಿಯಲ್ಲಿ 150 ಅಥವಾ ಅದಕ್ಕೂ ಹೆಚ್ಚು ಎಂಬುದು ಯುರೋಪಿನಲ್ಲಿ ರೂಢಿಯಲ್ಲಿರುವ ಅಂದಾಜು. ಸಾಧಾರಣ ಹೆಜ್ಜೆಯಲ್ಲಿ 100 ಮೀಟರೆಂದರೆ 130ರಷ್ಟು ಹೆಜ್ಜೆ. ಹಿಂದೆ ಒಬ್ಬರು ನರಳುತ್ತಿರುವಾಗ ಅವರಿಗೆ ಬೆನ್ನು ಹಾಕಿ ಒಂದೂವರೆ ನಿಮಿಷ ದೂರ ನಡೆಯುವುದು ಕ್ರೌರ್ಯ ಅನ್ನಿಸುತ್ತದೆ. ಆದರೂ ಅದೇ ಸರಿ. ಇಬ್ಬರಿದ್ದರೆ ಈ ಸಂಕಟವಿಲ್ಲ, ಒಬ್ಬರು ಹಿಂದಕ್ಕೆ, ಒಬ್ಬರು ಗಾಯಾಳುವಿನ ಬಳಿಗೆ. ತಿರುವು ಅಥವಾ ದಿಬ್ಬ ಇದ್ದರೆ ಮೀಟರಿನ ಲೆಕ್ಕ ಬಿಡಿ. ತ್ರಿಕೋನ ಇರಬೇಕಾದ್ದು ತಿರುವಿಗೂ ಮುಂಚೆ, ದಿಬ್ಬ ಏರುವ ಮುಂಚೆ. ಬ್ರಿಟನ್ನಿನ ರಸ್ತೆನಿಯಮಗಳ ಕೈಪಿಡಿ ಹೈವೇ ಕೋಡ್, 'ಮೋಟಾರ್‌ವೇ' ಎಂಬ ವೇಗದ ಹೆದ್ದಾರಿಗಳಲ್ಲಿ ತ್ರಿಕೋನ ಇಡುವುದೇ ಬೇಡ ಎನ್ನುತ್ತದೆ, ಅದನ್ನಿಡಲು ನಡೆಯುವುದೇ ಅಲ್ಲಿ ಹೆಚ್ಚಿನ ಅಪಾಯ. ಪಕ್ಕದಲ್ಲಿ ಜಾಗವಿಲ್ಲದ ವೇಗದ ರಸ್ತೆಯಲ್ಲಿ ತಡೆಬೇಲಿಯಾಚೆ ನಿಂತು ಫೋನ್ ಮಾಡುವುದಷ್ಟೇ ಮಾಡಬಹುದಾದ ಕೆಲಸ ಎಂದು ಕೆಲವೊಮ್ಮೆ ಒಪ್ಪಿಕೊಳ್ಳಬೇಕಾಗುತ್ತದೆ.

ಗಾಯಾಳುವಿನ ಬಳಿ ಕೂರುವಾಗಲೂ ಮುಖ ವಾಹನ ಬರುವ ಕಡೆಗಿರಲಿ. ಸುತ್ತ ಸೇರಿದವರಲ್ಲಿ ಒಬ್ಬರನ್ನು ಬೆರಳು ತೋರಿಸಿ ಕರೆದು, 'ನೀವು ರಸ್ತೆ ಮಾತ್ರ ನೋಡಿ, ಯಾವುದಾದರೂ ಗಾಡಿ ನಿಲ್ಲುವಂತೆ ಕಾಣದಿದ್ದರೆ ಕೂಗಿ' ಎಂದು ಕಾವಲಿಗೆ ನಿಲ್ಲಿಸಿ. ಕೂಗಿದರೆ ಯಾವ ಕಡೆಗೆ ಓಡಬೇಕೆಂದು ಆಗಲೇ ನೋಡಿಟ್ಟುಕೊಳ್ಳಿ. ನಿಂತ ಎರಡು ವಾಹನಗಳ ನಡುವಿನ ಕಿಂಡಿಯಲ್ಲಿ ಮಾತ್ರ ಎಂದೂ ನಿಲ್ಲಬೇಡಿ. ಹಿಂದಿನದಕ್ಕೆ ಗುದ್ದಿದರೆ ಆ ಕಿಂಡಿ ಮುಚ್ಚಿಕೊಳ್ಳುತ್ತದೆ, ಕಾಲು ಹೋಗುವುದು ಅಲ್ಲೇ.

ಇನ್ನು ಗುದ್ದಿ ನಿಂತ ವಾಹನದ ಮಾತು. ಒಳಗೆ ಬಿಳಿ ಹೊಗೆ ತುಂಬಿದೆ, ಸುಟ್ಟ ವಾಸನೆ ಬರುತ್ತಿದೆ, ಕೆಳಗೆ ಏನೋ ದ್ರವ ಸೋರುತ್ತಿದೆ. 'ಸ್ಫೋಟವಾಗುತ್ತದೆ, ಎಳೆಯಿರಿ' ಎಂದು ಯಾರೋ ಕೂಗುತ್ತಾರೆ. ಸಿನಿಮಾ ಕಲಿಸಿದ ಪಾಠವಿದು. ಆ ಬಿಳಿ ಮೋಡ ಬಹಳ ಸಲ ಏರ್‌ಬ್ಯಾಗಿನ ಪುಡಿ. ಚೀಲ ಮಡಿಕೆಯಲ್ಲಿ ಅಂಟಿಕೊಳ್ಳದಿರಲೆಂದು ಹಾಕಿದ ಟಾಲ್ಕೋ ಜೋಳದ ಹಿಟ್ಟೋ, ಅದನ್ನು ಉಬ್ಬಿಸಿದ ರಾಸಾಯನಿಕದ ಸುಟ್ಟ ವಾಸನೆಯ ಜೊತೆ ಸೇರಿ ಹೊಗೆಯಂತೆಯೇ ಕಾಣುತ್ತದೆ, ಗಂಟಲು ಕೆರೆಯುತ್ತದೆ, ಬಾಗಿಲು ತೆರೆದರೆ ಬೇಗ ತಿಳಿಯಾಗುತ್ತದೆ. ಸೋರುವ ದ್ರವ ಎಷ್ಟೋ ಸಲ ಒಡೆದ ರೇಡಿಯೇಟರಿನ ಕೂಲೆಂಟು: ಹಸಿರು ಅಥವಾ ಗುಲಾಬಿ ಬಣ್ಣ, ಜಿಗುಟು, ಸಿಹಿವಾಸನೆ, ಮುಟ್ಟಿದರೆ ಕೈ ಬೊಬ್ಬೆ ಬರುವಷ್ಟು ಬಿಸಿ. ಪೆಟ್ರೋಲಿನ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬೆನ್ನೆಲುಬು ಮುರಿದವರನ್ನು ತೋಳು ಹಿಡಿದು ಜಗ್ಗಿದರೆ ಕೆಡುಕು ಅವರಿಗಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2004ರಲ್ಲಿ ಹೀಗೆಯೇ ಆಯಿತು. ಹೊಗೆ ಮತ್ತು ಸೋರಿಕೆ ಕಂಡು ಕಾರು ಸಿಡಿಯುತ್ತದೆಂದು ಹೆದರಿದೆ ಎಂದ ಮಹಿಳೆಯೊಬ್ಬರು ಒಳಗಿದ್ದ ಸಹೋದ್ಯೋಗಿಯನ್ನು ಹೊರಗೆಳೆದಿದ್ದರು. ಆ ಸಹೋದ್ಯೋಗಿಯ ಕಾಲುಗಳ ಸ್ವಾಧೀನ ತಪ್ಪಿತು, ಎಳೆದವರ ಮೇಲೆ ಕೇಸು ಬಿತ್ತು. 2008ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ನೆರವಾದವರಿಗಿರುವ ಕಾನೂನಿನ ರಕ್ಷಣೆ ವೈದ್ಯಕೀಯ ನೆರವಿಗೆ ಮಾತ್ರ, ಹೊರಗೆಳೆಯುವುದಕ್ಕೆ ಅನ್ವಯಿಸದು ಎಂದಿತು. ಮರುವರ್ಷ ಶಾಸನಸಭೆ ಕಾನೂನನ್ನೇ ತಿದ್ದಿ ಎರಡಕ್ಕೂ ರಕ್ಷಣೆ ಕೊಟ್ಟಿತು. ನಿಜವಾದ ಬೆಂಕಿ, ಮುಳುಗುವ ಕಾರು, ಉಸಿರು ನಿಂತ ಗಾಯಾಳು: ಎಳೆದು ಹೊರತೆಗೆಯುವುದಕ್ಕೆ ಇಂಥ ಕಾರಣ ಬೇಕು.

ಬಗ್ಗಿ ಒಳಗೆ ಕೈಹಾಕುವ ಮುನ್ನ ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳು ಸದ್ದಿಲ್ಲದೆಯೇ 'ಚಾಲು' ಇರುತ್ತವೆ. ಗಾಯಾಳುವಿನ ಕಾಲು ಪೆಡಲಿನ ಮೇಲೆ ಜಾರಿದರೆ ಕಾರು ನಿಮ್ಮ ಮೇಲೇ ಹೊರಡುತ್ತದೆ. ಬಟನ್ ಒತ್ತಿ ಆರಿಸಿ, ಕೀ ತೆಗೆದು ಆರೇಳು ಮೀಟರ್ ಆಚೆ ಇಡಿ. ಪಕ್ಕಕ್ಕೆ ಮಗುಚಿದ ಕಾರನ್ನು ತಳ್ಳಿ ನೆಟ್ಟಗೆ ಮಾಡುವ ಉಮೇದು ಗುಂಪಿಗೆ ಬೇಗ ಬರುತ್ತದೆ. ಅದು ಯಾವ ಕಡೆ ಉರುಳುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಅರಳಿದ ಏರ್‌ಬ್ಯಾಗಿಗೆ ಹೆದರಬೇಕಿಲ್ಲ. ಅರಳದೆ ಉಳಿದದ್ದಕ್ಕೆ ಹೆದರಬೇಕು. ಬ್ಯಾಟರಿಯ ಸಂಪರ್ಕ ಕಡಿದರೂ ಒಳಗಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಮತ್ತು ಚೀಲ ಉಬ್ಬುವುದಕ್ಕೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಡ. ಪಾರುಗಾಣಿಕೆ ತಂಡಗಳಲ್ಲಿ ಬಳಕೆಯಲ್ಲಿರುವ ಒಂದು ಸೂತ್ರ 30-60-90: ಬಾಗಿಲ ಪಕ್ಕದ ಏರ್‌ಬ್ಯಾಗಿನಿಂದ 30 ಸೆಂ.ಮೀ., ಸ್ಟೇರಿಂಗಿನದರಿಂದ 60, ಪಕ್ಕದ ಸೀಟಿನ ಮುಂದಿನದರಿಂದ 90 ಸೆಂ.ಮೀ. ಒಳಗೆ ನಿಮ್ಮ ತಲೆ, ಕೈ ಬರಬಾರದು. ಕಟ್ಟುನಿಟ್ಟಾಗಿ ಪಾಲಿಸುವುದು ಕಷ್ಟ, ಆದರೆ ಸ್ಟೇರಿಂಗಿಗೂ ಚಾಲಕನಿಗೂ ನಡುವೆ ತಲೆ ತೂರಿಸದೆ ಹಿಂದಿನ ಸೀಟಿನಿಂದ ಅವರ ತಲೆ ಹಿಡಿದುಕೊಳ್ಳುವುದು ಸಾಧ್ಯ. ಕತ್ತಿಗೂ ಅದೇ ಒಳ್ಳೆಯದು.

ಬೆಂಕಿ ನಿಜವಾಗಿದ್ದರೆ ಅದು ಸಾಮಾನ್ಯವಾಗಿ ಚಿಕ್ಕದಾಗಿ, ಬಾನೆಟ್ಟಿನ ಕೆಳಗೆ ಶುರುವಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಒಳಕ್ಕೆ ಬರುತ್ತದೆ. ಒಂದು ಕಿಲೋದ ಪುಡಿ ಎಕ್ಸ್‌ಟಿಂಗ್ವಿಷರ್ ಒತ್ತಿ ಹಿಡಿದರೆ ಹತ್ತು ಸೆಕೆಂಡಿನೊಳಗೆ ಖಾಲಿ, ಹಾಗಾಗಿ ದೂರದಿಂದ ಪರೀಕ್ಷೆಗೆಂದು ಒತ್ತಬೇಡಿ. ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಂತು, ಜ್ವಾಲೆಯ ಬುಡಕ್ಕೆ ಹೊಡೆಯಿರಿ. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಮುಖಕ್ಕೇ ಏಳುತ್ತದೆ. ಲಿವರ್ ಎಳೆದಾಗ ಬಿಡುವ ಸಂದಿಯಲ್ಲೇ ನಳಿಕೆ ಇಡಬೇಕು. ಬಾನೆಟ್ಟನ್ನು ಎತ್ತಿ ಹಿಡಿಯುವ, ಒಳಗೆ ಅನಿಲ ತುಂಬಿದ ಗ್ಯಾಸ್ ಸ್ಟ್ರಟ್‌ಗಳು ಕಾದಾಗ ಬಾಣದಂತೆ ಚಿಮ್ಮುವುದುಂಟು, ಆದ್ದರಿಂದ ಬಂಪರಿನ ನೇರ ಮುಂದೆ ನಿಲ್ಲದೆ ಓರೆಯಲ್ಲಿ ನಿಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಎಲ್‌ಪಿಜಿಯೂ ಹಾಗೆಯೇ. ಸಿಎನ್‌ಜಿ ಮಾತ್ರ ಹಗುರ, ಮೇಲೇರಿ ಹೋಗುತ್ತದೆ. ರಸ್ತೆ ಪಕ್ಕದ ಹಳ್ಳ ವಾಹನಗಳಿಂದ ಸುರಕ್ಷಿತವೆನಿಸಿದರೂ ಪೆಟ್ರೋಲ್ ಸೋರುತ್ತಿದ್ದರೆ ಗಾಯಾಳುವನ್ನು ಅಲ್ಲಿಗೆ ಒಯ್ಯಬೇಡಿ.

ವಿದ್ಯುತ್ ಕಾರಿನ ಬಗ್ಗೆ ಜನರ ಭಯ ಬೇರೆ ಕಡೆಗಿದೆ. ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ದೂರ ನಿಲ್ಲುತ್ತಾರೆ. ಅದರ 400 ಅಥವಾ 800 ವೋಲ್ಟಿನ ಜಾಲಕ್ಕೂ ಕಾರಿನ ಮೈಗೂ ಸಂಪರ್ಕ ಇರುವುದಿಲ್ಲ, ಏರ್‌ಬ್ಯಾಗ್ ಅರಳುವಂಥ ಡಿಕ್ಕಿಯಲ್ಲಿ ಆ ಜಾಲ ತಾನಾಗಿ ಕಡಿದುಕೊಳ್ಳುವಂತೆ ಮಾಡಿರುತ್ತಾರೆ. ಹರಿದು ಹೊರಬಂದ ಕಿತ್ತಳೆ ಬಣ್ಣದ ಕೇಬಲ್ಲನ್ನು ಮುಟ್ಟದಿದ್ದರೆ ಸಾಕು. ಹೆದರಬೇಕಾದ್ದು ನೆಲದಡಿಯ ಬ್ಯಾಟರಿಯಿಂದ ಪಟಪಟ, ಸುಯ್ ಎಂಬ ಸದ್ದು, ಜೊತೆಗೆ ಬಿಳಿಯ ಅಥವಾ ಬೂದು ಆವಿ ಬಂದಾಗ. ಅದು ಉಗಿಯಲ್ಲ. ಹೊತ್ತಿಕೊಳ್ಳುವ ಅನಿಲ, ಹೈಡ್ರೋಜನ್ ಫ್ಲೋರೈಡಿನಂಥ ವಿಷವೂ ಅದರಲ್ಲಿರುತ್ತದೆ. ಒಳಗಿದ್ದವರನ್ನು ಹೇಗಾದರೂ ಬೇಗ ತೆಗೆದು ಗಾಳಿಗೆ ಎದುರಾಗಿ ದೂರ ಹೋಗಬೇಕಾದ ಹೊತ್ತು ಅದು. ಚಿಕ್ಕ ಎಕ್ಸ್‌ಟಿಂಗ್ವಿಷರಿನಿಂದ ಅಲ್ಲಿ ಏನೂ ಆಗದು.

ಕಂಬಕ್ಕೆ ಗುದ್ದಿದ ಅಪಘಾತ ಬೇರೆಯೇ ಜಾತಿ, ಒಳ್ಳೆಯ ಮನಸ್ಸಿನವರು ಒಬ್ಬರ ಹಿಂದೊಬ್ಬರು ಬೀಳುವುದು ಇಲ್ಲಿ. ಹರಿದ ತಂತಿ ಕಿಡಿ ಕಾರದೆ ಸುಮ್ಮನೆ ಬಿದ್ದಿದ್ದರೆ ಸತ್ತಿದೆ ಎಂದುಕೊಳ್ಳುತ್ತಾರೆ. ಅನೇಕ ಲೈನುಗಳಲ್ಲಿ ತಾನಾಗಿ ಮತ್ತೆ ಕರೆಂಟು ಕೊಡುವ ರೀಕ್ಲೋಸರ್ ಇರುತ್ತದೆ. ಕೊಂಬೆ ತಾಗಿ ಟ್ರಿಪ್ ಆದದ್ದೆಂದು ಭಾವಿಸಿ ಅದು ಕೆಲವು ಸೆಕೆಂಡು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ, ಒಂದಕ್ಕಿಂತ ಹೆಚ್ಚು ಸಲ. ಒಣಕೋಲಿನಿಂದ ಸರಿಸುವ ಉಪಾಯ ಮನೆಯೊಳಗಿನ ವಯರಿಗೆ ಸರಿ. ಸಾವಿರಾರು ವೋಲ್ಟಿನ ಮುಂದೆ ಕೋಲು, ರಬ್ಬರ್ ಚಪ್ಪಲಿ ಎಲ್ಲ ಒಂದೇ. ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಬರೀ ಹತ್ತಿರ ಹೋದರೂ ಹೊಡೆಯಬಹುದು. ಕರೆಂಟು ತಂತಿ ತಾಗಿದ ಬಿಂದುವಿನಿಂದ ನೆಲದೊಳಗೆ ಹರಡುವಾಗ ವೋಲ್ಟೇಜು ಕೇಂದ್ರದಲ್ಲಿ ಹೆಚ್ಚಿದ್ದು ಹೊರಕ್ಕೆ ಹೋದಂತೆ ಇಳಿಯುತ್ತದೆ. ಮುಂದಿನ ಕಾಲು ಇರುವ ಜಾಗಕ್ಕೂ ಹಿಂದಿನ ಕಾಲಿನ ಜಾಗಕ್ಕೂ ಇರುವ ವ್ಯತ್ಯಾಸದಿಂದಲೇ ಕರೆಂಟು ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ಓಡುವವರ ಹೆಜ್ಜೆ ಅಗಲ, ಅಷ್ಟೇ ಹೊಡೆತವೂ ಜಾಸ್ತಿ. ಕನಿಷ್ಠ 10 ಮೀಟರ್ ದೂರ ನಿಲ್ಲಿ. ಅಂಗಾಲಿನಲ್ಲಿ ಜುಮ್ಮೆಂದರೆ ಅಲ್ಲೇ ಎರಡೂ ಪಾದ ಜೋಡಿಸಿ, ನೆಲ ಬಿಡದೆ ಚಿಕ್ಕಚಿಕ್ಕದಾಗಿ ಸರಿಸುತ್ತ ಹಿಂದಕ್ಕೆ ಬನ್ನಿ. ಕಾರಿನೊಳಗಿರುವವರಿಗೆ ಮಾಡಬಹುದಾದ ದೊಡ್ಡ ಉಪಕಾರ ದೂರದಿಂದ ಕೂಗಿ 'ಇಳಿಯಬೇಡಿ' ಎನ್ನುವುದು. ಸುತ್ತಲಿನ ಲೋಹವೆಲ್ಲ ಒಂದೇ ವೋಲ್ಟೇಜಿನಲ್ಲಿರುವುದರಿಂದ ಒಳಗೆ ಕೂತವರು ಕ್ಷೇಮ. ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಿದ ಕ್ಷಣ ಅಪಾಯ. ಕಾರಿಗೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ ಕೈ ಎದೆಗೆ ಕಟ್ಟಿ, ಪಾದ ಜೋಡಿಸಿ, ಕಾರನ್ನು ಮುಟ್ಟದಂತೆ ಹೊರಕ್ಕೆ ಹಾರಬೇಕು. ವಿದ್ಯುತ್ ಇಲಾಖೆಯವರು ಲೈನ್ ಕಡಿದೆವು ಎಂದು ಹೇಳುವ ತನಕ ಬೇರೆ ದಾರಿಯಿಲ್ಲ.

ಟ್ಯಾಂಕರ್ ಮಗುಚಿದ್ದರೆ ಗಾಯಾಳುವನ್ನು ನೋಡುವ ಮೊದಲು ಹಿಂಬದಿಯ ಫಲಕ ನೋಡಿ. ನಾಲ್ಕು ಅಂಕಿಯ ವಿಶ್ವಸಂಸ್ಥೆ ಸಂಖ್ಯೆ ಇರುತ್ತದೆ: 1203 ಪೆಟ್ರೋಲ್, 1075 ಎಲ್‌ಪಿಜಿ, 1005 ಅಮೋನಿಯಾ, 1017 ಕ್ಲೋರಿನ್. ಫೋನಿನಲ್ಲಿ ಆ ನಾಲ್ಕು ಅಂಕಿ ಹೇಳಿದರೆ ಬರುವ ತಂಡ ಸರಿಯಾದ ತಯಾರಿಯಲ್ಲಿ ಬರುತ್ತದೆ. ನೆರವೆಂದರೆ ಬಹುಶಃ ಅಷ್ಟೇ. ಅಮೆರಿಕ, ಕೆನಡಾ, ಮೆಕ್ಸಿಕೊಗಳ ತುರ್ತು ಕೈಪಿಡಿ ಬೆಂಕಿ ಬಿದ್ದ ಪೆಟ್ರೋಲ್ ಟ್ಯಾಂಕರಿನಿಂದ 800 ಮೀಟರ್, ಎಲ್‌ಪಿಜಿಯಾದರೆ 1600 ಮೀಟರ್ ದೂರ ಹೇಳುತ್ತದೆ. ಅಳತೆಪಟ್ಟಿ ಇಲ್ಲದಾಗ ಒಂದು ಉಪಾಯ: ಕೈ ಚಾಚಿ ಹೆಬ್ಬೆರಳು ಎತ್ತಿ ಒಂದು ಕಣ್ಣಿನಲ್ಲಿ ನೋಡಿ. ಬೆರಳಿನ ಹಿಂದೆ ಇಡೀ ದೃಶ್ಯ ಮರೆಯಾಗದಿದ್ದರೆ ಇನ್ನೂ ಹತ್ತಿರದಲ್ಲಿದ್ದೀರಿ. 2017ರ ಜೂನಿನಲ್ಲಿ ಪಾಕಿಸ್ತಾನದ ಅಹಮದ್‌ಪುರ್ ಶರ್ಕಿಯಾ ಬಳಿ ಮಗುಚಿದ ಟ್ಯಾಂಕರಿನ ಸುತ್ತ ಜನ ಸೇರಿದ್ದಾಗ ಹೊತ್ತಿಕೊಂಡು 200ಕ್ಕೂ ಹೆಚ್ಚು ಜನ ಸತ್ತರು. ಬಂದವರಲ್ಲಿ ಹೆಚ್ಚಿನವರು ಪೆಟ್ರೋಲ್ ತುಂಬಿಕೊಳ್ಳಲು ಬಂದವರೆಂಬುದು ನಿಜ. ಆವಿಗೆ ಆ ಭೇದ ಗೊತ್ತಿಲ್ಲ.

ರಕ್ತದ ಭಯವನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೆ ಎಚ್‌ಐವಿ ಹರಡುವುದಿಲ್ಲ. ಸೋಂಕಿರುವವರ ರಕ್ತ ಮೆತ್ತಿದ ಸೂಜಿ ಚುಚ್ಚಿದರೂ ಸಾವಿರಕ್ಕೆ ಮೂರರಷ್ಟು, ಕಣ್ಣಿಗೋ ಬಾಯಿಗೋ ಸಿಡಿದರೆ ಸಾವಿರಕ್ಕೆ ಒಂದಕ್ಕೂ ಕಡಿಮೆ. ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಹೆಪಟೈಟಿಸ್ ಬಿ. ಲಸಿಕೆ ಹಾಕಿಸದವರಿಗೆ ಸೋಂಕಿನ ರಕ್ತದ ಸೂಜಿ ಚುಚ್ಚಿದರೆ ಶೇ 6ರಿಂದ 30ರವರೆಗೆ, ಮತ್ತು ಆ ವೈರಸ್ಸು ಒಣಗಿದ ಕಲೆಯಲ್ಲಿ ಏಳು ದಿನವಾದರೂ ಬದುಕಿರುತ್ತದೆ. ಅದಕ್ಕೆ ಲಸಿಕೆಯಿದೆ, ಹಾಕಿಸಿಕೊಂಡಿದ್ದರೆ ಈ ಪ್ಯಾರಾದ ಅರ್ಧ ಭಯ ಇಲ್ಲಿಗೇ ಮುಗಿಯಿತು. ಅಪಘಾತದಲ್ಲಿ ಸೂಜಿಯ ಜಾಗದಲ್ಲಿರುವುದು ಗಾಜಿನ ಚೂರು, ಹರಿದ ತಗಡು, ಚರ್ಮ ಸೀಳಿ ಹೊರಬಂದ ಮೂಳೆಯ ತುದಿ. ತೆಳು ಗ್ಲೌಸ್ ಇವುಗಳಿಗೆ ಹರಿಯುತ್ತದೆ, ಎರಡು ಜೊತೆ ಒಂದರ ಮೇಲೊಂದು ಹಾಕಿಕೊಳ್ಳಿ. ಏನೂ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಗಾಯ ಒತ್ತಿ ಹಿಡಿಯಬಹುದು, ಅಥವಾ ಎಚ್ಚರವಿರುವ ಗಾಯಾಳುವಿನ ಕೈಯಿಂದಲೇ ಒತ್ತಿಸಬಹುದು.

ಮೈಗೆ ಮೆತ್ತಿಕೊಳ್ಳುವುದು ಹೆಚ್ಚಾಗಿ ಗ್ಲೌಸ್ ತೆಗೆಯುವಾಗ. ಬೆರಳ ತುದಿ ಹಿಡಿದು ಎಳೆದರೆ ಅದು ಚಟ್ಟನೆ ಸಿಡಿದು ರಕ್ತದ ಹನಿ ಮುಖಕ್ಕೆ ಹಾರುತ್ತದೆ. ಒಂದು ಕೈಯ ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಮೈಯಲ್ಲಿ ಚಿವುಟಿ ಹಿಡಿದು, ಒಳಮೈ ಹೊರಗಾಗುವಂತೆ ಮಗುಚುತ್ತ ಎಳೆದು, ತೆಗೆದದ್ದನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಉಂಡೆ ಮಾಡಿ ಹಿಡಿಯಿರಿ. ಈಗ ಬರಿಗೈಯ ಬೆರಳನ್ನು ಉಳಿದ ಗ್ಲೌಸಿನ ಬಾಯಿಯೊಳಗೆ ತೂರಿಸಿ, ಚರ್ಮಕ್ಕೆ ತಾಗಿಸಿಕೊಂಡೇ ಜಾರಿಸಿದರೆ ಮೊದಲನೆಯದು ಎರಡನೆಯದರ ಹೊಟ್ಟೆಯೊಳಗೆ ಸೇರಿ, ರಕ್ತವೆಲ್ಲ ಒಳಗೇ ಉಳಿಯುತ್ತದೆ. ಕೈ ಸೀಳಿದರೆ ಹಿಂಡಬೇಡಿ, ಬ್ಲೀಚ್ ಸುರಿಯಬೇಡಿ. ಹರಿಯುವ ನೀರು, ಸೋಪು. ಕಣ್ಣಾದರೆ ಬರೀ ನೀರು, ಹದಿನೈದು ನಿಮಿಷ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು, ಆದರೆ 72 ಎಂಬುದು ಕೊನೆಯ ಗಡುವು. ಮೊದಲ ಕೆಲವು ಗಂಟೆಗಳಲ್ಲಿ ಹೋದರೆ ಅದರ ಬಲವೇ ಬೇರೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಕಿಲ್ಲ. ಎದೆಯ ನಡುವೆ 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತುತ್ತಿದ್ದರೂ ಅದು ನೆರವೇ. ಮಂಡಿಯ ಕೆಳಗೆ ಕಾರಿನ ಕಾಲೊರೆಸು ಮ್ಯಾಟ್ ಹಾಕಿಕೊಳ್ಳಿ; ಗಾಜಿನ ಹರಳು ತುಂಬಿದ ಡಾಂಬರಿನ ಮೇಲೆ ಹತ್ತು ನಿಮಿಷ ಕೂತವರ ಮಂಡಿ ನೋಡಿದರೆ ಯಾಕೆಂದು ಗೊತ್ತಾಗುತ್ತದೆ.

ತಲೆಗೆ ಪೆಟ್ಟಾದವರು ಕೈಕಾಲು ಬೀಸುತ್ತಾರೆ, ಬೈಯುತ್ತಾರೆ, ಕಚ್ಚುವುದೂ ಉಂಟು. ಎಲ್ಲರೂ ಅದನ್ನು ಕುಡಿತ ಎಂದೇ ತಿಳಿಯುತ್ತಾರೆ, ಮಿದುಳಿನ ಪೆಟ್ಟಿಗೂ ಹಾಗಾಗುತ್ತದೆ. ಅದುಮಿ ಹಿಡಿಯಲು ಹೋಗಬೇಡಿ, ತಲೆಯ ಕಡೆಯಿಂದ ಮಾತಾಡಿಸುತ್ತ ಇರಿ.

ಇನ್ನು ಜನ. ಮೊದಲು ನಿಂತ ಗಾಡಿಯೇ ಗುದ್ದಿದ ಗಾಡಿ ಎಂದು ಗುಂಪು ತೀರ್ಮಾನಿಸುವುದಕ್ಕೆ ಅರೆನಿಮಿಷ ಸಾಕು. ಕಾರನ್ನು ದಾಟಿಸಿ ದೂರ ನಿಲ್ಲಿಸುವುದರಿಂದ ಇಲ್ಲೂ ಒಂದು ಲಾಭವಿದೆ. ಇಳಿದ ಕೂಡಲೇ, ಗಾಯಾಳುವಿನ ಮುಖ ಬರದಂತೆ, ಜಾಗದ ಒಂದು ಅಗಲವಾದ ಫೋಟೊ, ನಿಮ್ಮ ಕಾರಿನ ಮುಂಭಾಗದ್ದೊಂದು ತೆಗೆದಿಡಿ. ಪೆಟ್ಟಿಲ್ಲದ ಬಂಪರ್, ಸಮಯದ ಗುರುತು ಎರಡೂ ಮುಂದೆ ಮಾತಾಡುತ್ತವೆ. ತುರ್ತು ಸಂಖ್ಯೆಗೆ ನಿಮ್ಮದೇ ಫೋನಿನಿಂದ ಕರೆ ಮಾಡಿದ್ದೂ ದಾಖಲೆಯೇ. ಗಾಯಾಳುವಿನ ಪರ್ಸು, ಫೋನು, ಒಡವೆ ಜೋಪಾನ ಮಾಡುವ ಹೊಣೆ ಹೊರಬೇಡಿ. ಬಿದ್ದದ್ದನ್ನು ಅವರ ಮೈಮೇಲೆಯೋ ಚೀಲದಲ್ಲೋ ಇಟ್ಟು, ಇಬ್ಬರ ಎದುರು ಗಟ್ಟಿಯಾಗಿ ಹೇಳಿ ಆಂಬುಲೆನ್ಸಿನವರಿಗೆ ಒಪ್ಪಿಸಿ. ನಿರ್ಜನ ದಾರಿಯಲ್ಲಿ ಗಾಡಿಗೆ ಪೆಟ್ಟಿಲ್ಲ, ರಸ್ತೆಯಲ್ಲಿ ಗಾಜಿಲ್ಲ, ಬ್ರೇಕಿನ ಗುರುತಿಲ್ಲ, ಆದರೂ ಒಬ್ಬರು ಅಡ್ಡ ಮಲಗಿದ್ದಾರೆ ಎಂದರೆ ಕಾರಿನಿಂದ ಇಳಿಯದೆ, ಬಾಗಿಲು ಭದ್ರಮಾಡಿ, ದಾಟಿ ಹೋಗಿ ಫೋನ್ ಮಾಡಿ. ಅದೂ ನೆರವೇ.

ಕಾನೂನಿನ ವಿಷಯದಲ್ಲಿ ಹಳೆಯ ಭಯಗಳಷ್ಟು ಕಾನೂನು ಹಳೆಯದಾಗಿ ಉಳಿದಿಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ 2006ರಲ್ಲಿ ಬಸ್ ನಿಲ್ದಾಣದಲ್ಲಿ ಬಿದ್ದ ವೃದ್ಧೆಯನ್ನು ಎತ್ತಿದ ಯುವಕನ ಮೇಲೆ ಆಕೆಯೇ ದಾವೆ ಹೂಡಿದರು. ಅವನೇ ಬೀಳಿಸಿರದಿದ್ದರೆ ಹೀಗೆ ಆಸ್ಪತ್ರೆಯವರೆಗೆ ಯಾಕೆ ಬರುತ್ತಿದ್ದ ಎಂಬ ಧಾಟಿಯ ತರ್ಕದಲ್ಲಿ ಕೆಳಕೋರ್ಟು ಅವನು ಆಕೆಗೆ ಪರಿಹಾರ ಕೊಡಬೇಕೆಂದಿತು. ಡಿಕ್ಕಿಯಾದದ್ದು ನಿಜವೆಂದು ಅವನೇ ಒಪ್ಪಿದ್ದನೆಂದು ಅಧಿಕಾರಿಗಳು ವರ್ಷಗಳ ನಂತರ ಹೇಳಿದರೂ ಜನರ ಮನಸ್ಸಿನಲ್ಲಿ ಉಳಿದದ್ದು ಮೊದಲ ಸುದ್ದಿ. ಈಗ ಅಲ್ಲಿನ ನಾಗರಿಕ ಸಂಹಿತೆಯ 184ನೇ ವಿಧಿ, 2021ರ ಜನವರಿ 1ರಿಂದ, ತುರ್ತಿನಲ್ಲಿ ಸ್ವಯಂಪ್ರೇರಣೆಯಿಂದ ನೆರವಾದವರಿಗೆ ಹೊಣೆಯಿಲ್ಲ ಎನ್ನುತ್ತದೆ. ಭಾರತದಲ್ಲಿ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಈ ಕುರಿತ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು, 2020ರಲ್ಲಿ ನಿಯಮಗಳೂ ಬಂದವು. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ, ಹೆಸರು ವಿಳಾಸ ಹೇಳೆಂದು ಪೊಲೀಸರು ಬಲವಂತ ಮಾಡುವಂತಿಲ್ಲ, ಸಾಕ್ಷಿಯಾಗುವುದು ಅವರ ಇಷ್ಟ. ಗುದ್ದಿದವರಿಗೆ ಈ ರಕ್ಷಣೆ ಇಲ್ಲ. ಜರ್ಮನಿ, ಫ್ರಾನ್ಸ್‌ಗಳಲ್ಲಿ ನೆರವಾಗದೆ ಹೋಗುವುದೇ ಅಪರಾಧ. ಆದರೆ ಆ ಕಾನೂನುಗಳೂ ನಿಮ್ಮ ಪ್ರಾಣವನ್ನು ಪಣಕ್ಕಿಡಿ ಎನ್ನುವುದಿಲ್ಲ, ಸ್ವಂತಕ್ಕೆ ಅಪಾಯವಿದ್ದರೆ ಫೋನ್ ಮಾಡಿದರೂ ಕರ್ತವ್ಯ ಮುಗಿಯಿತು. ನೆರವಿನಲ್ಲಿ ಪೆಟ್ಟಾದವರಿಗೆ ಸರ್ಕಾರಿ ಅಪಘಾತ ವಿಮೆ ಸಿಗುವುದೂ ಜರ್ಮನಿಯಲ್ಲಿದೆ. ಬೇರೆಡೆ ಇರುವವರು ತಮ್ಮ ಪಾಲಿಸಿ ಓದಿ ನೋಡಬೇಕು. ಎಲ್ಲ ಕಡೆ ಒಂದು ಮಾತು ಸಮಾನ: ಗೊತ್ತಿಲ್ಲದ ಸಾಹಸ ಮಾಡಬೇಡಿ, ಮತ್ತು ಶುರುಮಾಡಿದ ಮೇಲೆ ಇನ್ನೊಬ್ಬರು ವಹಿಸಿಕೊಳ್ಳುವ ತನಕ ಬಿಟ್ಟು ಹೋಗಬೇಡಿ.

ಸ್ವಂತ ಕಾರಿನಲ್ಲಿ ಆಸ್ಪತ್ರೆಗೆ ಒಯ್ಯುವುದು ಕೊನೆಯ ದಾರಿ. ರಕ್ತ ನೋಡಿ ನಡುಗುವ ಕೈಯಲ್ಲಿ, ಹಾರ್ನ್ ಒತ್ತುತ್ತ, ಸಿಗ್ನಲ್ ಹಾರಿ ಓಡಿಸುವ ಕಾರು ಇನ್ನೊಂದು ಅಪಘಾತವನ್ನು ಹುಡುಕಿಕೊಂಡು ಹೊರಟಂತೆಯೇ. ಬೇರೆ ಗತಿಯಿಲ್ಲದಿದ್ದರೆ ಹಿಂದೆ ಒಬ್ಬರು ಗಾಯಾಳುವಿನ ಉಸಿರು ನೋಡುತ್ತ ಕೂರಲಿ, ಆಸ್ಪತ್ರೆಗೆ ಮುಂಚೆಯೇ ಫೋನ್ ಮಾಡಲಿ. ಓಡಿಸುವವರು ಕನ್ನಡಿಯಲ್ಲಿ ಹಿಂದೆ ನೋಡದೆ, ಎಂದಿನ ವೇಗದಲ್ಲೇ ಓಡಿಸಲಿ.

ಮನೆಗೆ ಬಂದ ಮೇಲಿನ ಅಪಾಯ ನಿಧಾನದ್ದು. ಕಣ್ಣು ಮುಚ್ಚಿದರೆ ಅದೇ ಚಿತ್ರ, ಬ್ರೇಕಿನ ಸದ್ದಿಗೆ ಬೆಚ್ಚುವುದು, 'ಇನ್ನೂ ಬೇಗ ಹೋಗಿದ್ದರೆ' ಎಂಬ ಲೆಕ್ಕಾಚಾರ ಮೊದಲ ವಾರಗಳಲ್ಲಿ ಸಹಜ. ಒಂದು ತಿಂಗಳು ಕಳೆದರೂ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. 'ಎಲ್ಲ ಹೇಳಿಬಿಡು, ಹಗುರಾಗುತ್ತದೆ' ಎಂದು ಅದೇ ದಿನ ಕೂರಿಸಿ ಹೇಳಿಸುವುದರಿಂದ ಉಪಯೋಗವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾನಾಗಿ ಹೇಳಿದರೆ ಕೇಳಬೇಕು, ಅಷ್ಟೇ. ವಿಚಿತ್ರವೆನಿಸುವ ಒಂದು ಪ್ರಯೋಗ ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನಡೆದಿತ್ತು, 2017ರಲ್ಲಿ ಪ್ರಕಟವಾಯಿತು. ರಸ್ತೆ ಅಪಘಾತದಿಂದ ಬಂದ 71 ಜನರಲ್ಲಿ ಕೆಲವರಿಗೆ ಆರು ಗಂಟೆಯೊಳಗೆ, ಆದದ್ದನ್ನು ಚುಟುಕಾಗಿ ನೆನೆಸಿ, ಬೀಳುವ ಇಟ್ಟಿಗೆಗಳನ್ನು ಜೋಡಿಸುವ ವಿಡಿಯೊ ಆಟ ಟೆಟ್ರಿಸ್ ಆಡಲು ಕೊಟ್ಟರು. ಆಡಿದವರಿಗೆ ಮುಂದಿನ ವಾರ ಆ ಚಿತ್ರಗಳು ಮರುಕಳಿಸಿದ್ದು ಕಡಿಮೆ. ಚಿಕ್ಕ ಪ್ರಯೋಗ, ಅದೂ ಅಪಘಾತಕ್ಕೆ ಸಿಕ್ಕವರ ಮೇಲೆ. ಆದರೂ ಆ ರಾತ್ರಿ ಫೋನಿನಲ್ಲಿ ಅಪಘಾತದ ವಿಡಿಯೊ ಮತ್ತೆ ಮತ್ತೆ ನೋಡುವುದಕ್ಕಿಂತ ಇಟ್ಟಿಗೆ ಜೋಡಿಸುವುದು ವಾಸಿ.

ಕಾರಿನ ಸೀಟಿಗೆ ರಕ್ತ ಹತ್ತಿದ್ದರೆ ಗ್ಲೌಸ್ ಹಾಕಿ, ತಣ್ಣೀರು ಮತ್ತು ಸೋಪಿನಲ್ಲಿ ಒತ್ತಿ ಒತ್ತಿ ತೆಗೆಯಿರಿ. ಬಿಸಿನೀರು ಕಲೆಯನ್ನು ಗಟ್ಟಿ ಮಾಡುತ್ತದೆ. ರಬ್ಬರ್ ಮ್ಯಾಟಿಗೆ ಬ್ಲೀಚ್ ಒಂದು ಪಾಲಿಗೆ ನೀರು ಒಂಬತ್ತು ಪಾಲು ಸಾಕು, ಹತ್ತು ನಿಮಿಷ ನೆನೆಯಲು ಬಿಡಿ. ಸೀಟ್‌ಬೆಲ್ಟಿಗೆ ಮಾತ್ರ ಬ್ಲೀಚ್ ತಾಗಿಸಬೇಡಿ, ನೂಲಿನ ಶಕ್ತಿ ಹೋಗುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಕ್ಲಿಪ್ ಹಾಕಿ ಹಿಡಿದು, ಸೋಪುನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಒಳಕ್ಕೆ ಬಿಡಿ.